ಹೆಸರು ಬಿಟ್ಟು ನೆನಪು ಹಿಡಿದೆ: ಕಾರ್ಟೂನ್ ಪಾತ್ರಗಳ ವಿಂಗಡಣೆಯಲ್ಲಿ ನನ್ನ ಅನುಭವ

ಪಾತ್ರದ ಹೆಸರಿನ ಮೇಲೆ ಕಾಮಿಕ್ಸ್ ಜೋಡಿಸಲು ಹೊರಟವರೆಲ್ಲ ಕಾಡಿನ ಮುಸುಕುಧಾರಿ ವೀರ ಫ್ಯಾಂಟಮ್ ಹತ್ತಿರ ಬಂದು ನಿಲ್ಲುತ್ತಾರೆ. ನನ್ನ ಸಂಗ್ರಹ ಈಗ ಮೂರು ಸಾವಿರದ ಆಸುಪಾಸಿನಲ್ಲಿದೆ. ಇಂದ್ರಜಾಲ, ಅಮರ ಚಿತ್ರ ಕಥಾ, ಟಿಂಕಲ್, ಡೈಮಂಡ್, ಬಾಲಮಂಗಳ, ಚಂದಮಾಮ ಹೀಗೆ ಕಾಮಿಕ್ಸ್, ಮಕ್ಕಳ ಪತ್ರಿಕೆಗಳು, ಜೊತೆಗೆ ಡಿವಿಡಿಯಲ್ಲೂ ಹಾರ್ಡ್ ಡಿಸ್ಕಿನಲ್ಲೂ ಇರುವ ಟಿವಿ ಸರಣಿಗಳು. ಯಾವ ಪಾತ್ರ ಎಲ್ಲೆಲ್ಲಿ ಬಂದಿದೆ ಎಂದು ಕೇಳಿ, ಎರಡು ನಿಮಿಷದಲ್ಲಿ ತೆಗೆದು ಕೊಡುತ್ತೇನೆ. "ಇದು ಮುಗಿಯುವ ಕೆಲಸ ಅಲ್ಲ ಮಾರಾಯಾ, ಸುಮ್ಮನೆ ಪ್ರಕಾಶಕರ ಪ್ರಕಾರ ಜೋಡಿಸಿಡು" ಎಂದಿದ್ದ ಗೆಳೆಯರೇ ಈಗ ತಮ್ಮ ಪಟ್ಟಿ ಕಳಿಸಿ "ಸ್ವಲ್ಪ ನೋಡಿ ಕೊಡು" ಅನ್ನುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಮೊದಲು ಕೈಕೊಟ್ಟದ್ದು ಸಂಚಿಕೆಯ ಸಂಖ್ಯೆ. ಅಮರ ಚಿತ್ರ ಕಥಾದ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳಿಗೆ ಹೋಗಿದ್ದವು, ಅದೂ ಕನ್ನಡದಲ್ಲಿ. ನಮ್ಮ ಕಾರ್ಕಳದ ಅನಂತ ಪೈ ಅವರ 'ಕೃಷ್ಣ' ಬಂದದ್ದು 11ನೆಯದಾಗಿ. ಮರುಮುದ್ರಣದಲ್ಲಿ ಅದೇ ಪುಸ್ತಕಗಳಿಗೆ 500ರ ಮೇಲಿನ ಹೊಸ ಸಂಖ್ಯೆ ಬಿತ್ತು. ಇಂದ್ರಜಾಲ 1964ರಿಂದ ಒಂದೇ ಸಾಲಿನ ಸಂಖ್ಯೆಯಲ್ಲಿ ನಡೆದು, ಎಂಬತ್ತರ ದಶಕದಲ್ಲಿ ಸಂಪುಟ-ಸಂಚಿಕೆಯ ಲೆಕ್ಕಕ್ಕೆ ತಿರುಗಿತು. ಸಂಖ್ಯೆ ನಂಬಿ ಕೊಂಡರೆ ಒಂದೇ ಕಥೆಗೆ ಮೂರು ಸಲ ದುಡ್ಡು ಕೊಟ್ಟಂತೆ. ನನ್ನ ಕಪಾಟಿನಲ್ಲಿ ಅಂಥ ಜೋಡಿ ಪ್ರತಿಗಳು ನೂರುಗಟ್ಟಲೆ ಇದ್ದವು.

ಆಮೇಲೆ ಹೆಸರು. ಹಿಂದಿ ಇಂದ್ರಜಾಲದಲ್ಲಿ ಫ್ಯಾಂಟಮ್‌ಗೆ ವೇತಾಲ್ ಎಂಬ ಹೆಸರು. ಚಂದಮಾಮದಲ್ಲಿ ವಿಕ್ರಮನ ಹೆಗಲೇರುವವನೂ ಬೇತಾಳನೇ. 1985ರ ದೂರದರ್ಶನದ ವಿಕ್ರಮ್-ಬೇತಾಲವೂ ಇದೆ. ಹೆಸರಿನ ಪ್ರಕಾರ ವಿಂಗಡಿಸಿದಾಗ ಮರದಲ್ಲಿ ನೇತಾಡುವ ಬೇತಾಳನೂ ಬುರುಡೆ ಗುಹೆಯ ಮುಸುಕುಧಾರಿಯೂ ಒಂದೇ ಪೆಟ್ಟಿಗೆಗೆ ಬಂದು ಕೂತರು. ಇನ್ನೊಂದು ಕಡೆ ಒಬ್ಬನೇ ಇಬ್ಬರಾಗಿ ಹೋದ. ಮಲಯಾಳದ ಡಿಂಕನ್ ನಮ್ಮ ಬಾಲಮಂಗಳದಲ್ಲಿ ಡಿಂಗ. ಇಲಿ ಅದೇ, ಶಕ್ತಿ ಅದೇ, ಪಟ್ಟಿಯಲ್ಲಿ ಮಾತ್ರ ಇಬ್ಬರು.

ಬಟ್ಟೆಯ ಬಣ್ಣದಿಂದಲೂ ಪ್ರಯತ್ನಿಸಿದೆ. ಇಂದ್ರಜಾಲದ ಮೊದಮೊದಲ ಸಂಚಿಕೆಗಳಲ್ಲಿ ಫ್ಯಾಂಟಮ್ ನೀಲಿ, ಆಮೇಲೆ ನೇರಳೆ, ಇಟಲಿಯಲ್ಲಿ ಕೆಂಪು. ಅಚ್ಚುಮನೆಯ ಶಾಯಿ ಪಾತ್ರದ ಗುರುತಾಗುವುದಿಲ್ಲ.

ದುಡ್ಡಿನ ವಿಷಯ. ಒಬ್ಬರು ಲೈಬ್ರರಿ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ ಎಂದು ಹತ್ತಿರ ಹತ್ತಿರ ಹದಿನೆಂಟು ಸಾವಿರ ತೆಗೆದುಕೊಂಡರು. ಬಂದದ್ದು ಶೀರ್ಷಿಕೆ, ಲೇಖಕ, ಬೆಲೆ ಎಂಬ ಮೂರು ಕಾಲಂ. ಒಂದು ಪುಸ್ತಕಕ್ಕೆ ಒಂದೇ ಪಾತ್ರ ಹಾಕಬಹುದು ಅಂದರು. ಫ್ಯಾಂಟಮ್, ಜಾದೂಗಾರ ಮಾಂಡ್ರೇಕ್, ಬಾಹ್ಯಾಕಾಶದ ವೀರ ಫ್ಲಾಶ್ ಗಾರ್ಡನ್ ಮೂವರೂ ಒಟ್ಟಿಗೆ ಬರುವ ಸರಣಿಯನ್ನು ಎಲ್ಲಿಗೆ ಹಾಕುವುದು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಟೈಪ್ ಮಾಡಲು ಕಾಲೇಜು ಹುಡುಗನೊಬ್ಬನನ್ನು ಇಟ್ಟುಕೊಂಡೆ, ಅವನಿಗೆ ಒಂದು ಎಂಟು ಸಾವಿರ. ಪ್ಲಾಸ್ಟಿಕ್ ಕವರ್, ರಟ್ಟಿನ ಪೆಟ್ಟಿಗೆ, ಗೆದ್ದಲಿನ ಔಷಧಿ ಎಲ್ಲ ಸೇರಿ ಮೂವತ್ತು ಸಾವಿರದ ಮೇಲೆ ಹೋಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಬಿಟ್ಟಿ ಸಿಗುವ ಲಿಬ್ರೆ ಆಫೀಸ್ ಎಂಬ ಸಾಫ್ಟ್‌ವೇರ್.

ದಾರಿ ತೋರಿಸಿದ್ದು ಡಿಸ್ನಿಯ ಡಕ್‌ಟೇಲ್ಸ್ ಎಂಬ ಟಿವಿ ಸರಣಿಯ ಒಂದು ಪಾತ್ರ. ಪೈಲಟ್ ಲಾಂಚ್‌ಪ್ಯಾಡ್ 1987ರ ಡಕ್‌ಟೇಲ್ಸ್‌ನಿಂದ 1991ರ ಡಾರ್ಕ್‌ವಿಂಗ್ ಡಕ್‌ಗೆ ದಾಟಿದವನು. ಅಲ್ಲಿಗೆ ಹಳೇ ಸರಣಿಯ ಕವಚಧಾರಿ ವೀರ ಗಿಜ್ಮೊಡಕ್ ಬಂದಾಗ ಲಾಂಚ್‌ಪ್ಯಾಡ್ ಅವನನ್ನು ಹಳೇ ದೋಸ್ತಿಯಂತೆ ಮಾತಾಡಿಸುತ್ತಾನೆ, ಹೊಸ ಸರಣಿಯ ನಾಯಕ ಡಾರ್ಕ್‌ವಿಂಗ್‌ಗೆ ಹೊಟ್ಟೆ ಉರಿಯುತ್ತದೆ. ಆ ಕಂತನ್ನು ಮತ್ತೆ ಹಾಕಿ ನೋಡಿದೆ. ಹಿಂದಿನ ಸರಣಿಯಲ್ಲಿ ಆದದ್ದು ಇವನಿಗೆ ನೆನಪಿದೆ, ಹಾಗಾದರೆ ಇವನು ಅವನೇ. ಈಗ ಅದೇ ಡಿಸ್ನಿಯ ಬಾಲೂ ಕರಡಿಯನ್ನು ತೆಗೆದುಕೊಳ್ಳಿ. 1967ರ ಜಂಗಲ್ ಬುಕ್ ಚಿತ್ರದಲ್ಲಿ ಮೋಗ್ಲಿಯ ಜೊತೆಗಾರ, 1990ರ ಟೇಲ್‌ಸ್ಪಿನ್‌ನಲ್ಲಿ ಸರಕು ವಿಮಾನದ ಪೈಲಟ್. ಅಲ್ಲಿ ಅದೇ ಚಿತ್ರದ ಹುಲಿ ಶೇರ್ ಖಾನ್ ಸೂಟು ಹಾಕಿದ ದೊಡ್ಡ ಉದ್ಯಮಿ. ಇಬ್ಬರಿಗೂ ಕಾಡಿನ ನೆನಪಿಲ್ಲ. ಹೆಸರು, ಮೈಕಟ್ಟು ಒಂದೇ ಆದರೂ ಆಸಾಮಿ ಬೇರೆ.

ಇಷ್ಟೇ ನನ್ನ ಪದ್ಧತಿ. ಪ್ರತಿ ಪಾತ್ರಕ್ಕೆ ಒಂದು ಮೂಲ ಸಂಖ್ಯೆ, ಅದರ ಕೆಳಗೆ ಅವತಾರ ಸಂಖ್ಯೆ. ಹಿಂದಿನ ಕೃತಿಯಲ್ಲಿ ನಡೆದದ್ದು ಪಾತ್ರಕ್ಕೆ ಗೊತ್ತಿದ್ದರೆ ಅದೇ ಅವತಾರ, ಇಲ್ಲದಿದ್ದರೆ ಹೊಸದು. ಒಂದೇ ಘಟನೆ ಎರಡು ಕಡೆ ಮೊದಲ ಬಾರಿಗೆ ಎನ್ನುವಂತೆ ನಡೆದರೂ ಹೊಸ ಅವತಾರ. ಸ್ಕ್ರೂಜ್ ಮೆಕ್‌ಡಕ್ ಇದಕ್ಕೆ ಚೆನ್ನಾದ ಉದಾಹರಣೆ. 1947ರಲ್ಲಿ ಕಾರ್ಲ್ ಬಾರ್ಕ್ಸ್ ಕಾಮಿಕ್ಸ್‌ನಲ್ಲಿ ಹುಟ್ಟಿದವನು. ಡಕ್‌ಟೇಲ್ಸ್ ಆ ಕಾಮಿಕ್ಸ್‌ನ ಎಷ್ಟೋ ಕಥೆಗಳನ್ನು ಹೊಸದಾಗಿ ನಡೆದವೋ ಎಂಬಂತೆ ಹೇಳಿತು. ಸ್ಕ್ರೂಜ್‌ನ ಸೋದರಳಿಯ ಡೊನಾಲ್ಡ್ ಡಕ್ ನೌಕಾಪಡೆಗೆ ಹೋಗುವಾಗ ತನ್ನ ಮೂವರು ಸೋದರಳಿಯಂದಿರನ್ನು ಸ್ಕ್ರೂಜ್‌ನ ಮನೆಯಲ್ಲಿ ಬಿಟ್ಟುಹೋಗುವುದೂ ಟಿವಿಯದೇ ಏರ್ಪಾಡು. ಮೂಲ ಒಂದು, ಅವತಾರ ಎರಡು.

ಒಂದು ಪಾತ್ರದ ಈ ವಿವರಗಳನ್ನೇ ನಾನು ಕಾರ್ಡು ಅನ್ನುವುದು. ಫ್ಯಾಂಟಮ್ ಕಾರ್ಡು ಹೇಗಿದೆ ನೋಡಿ. ಮೂಲ 14, ಸೃಷ್ಟಿಸಿದವರು ಲೀ ಫಾಕ್, ಮೊದಲು ಬಂದದ್ದು ಫೆಬ್ರವರಿ 1936. ಕೆಳಗೆ 14/1: 21ನೇ ಫ್ಯಾಂಟಮ್, ಕಿಟ್ ವಾಕರ್, ಪತ್ರಿಕೆಯ ಸ್ಟ್ರಿಪ್ ಮತ್ತು ಇಂದ್ರಜಾಲ. 14/2: 27ನೇ ಫ್ಯಾಂಟಮ್, 1986ರ ಡಿಫೆಂಡರ್ಸ್ ಆಫ್ ದಿ ಅರ್ಥ್, ಮಗಳು ಜೆಡ್ಡಾ. 14/3: 24ನೇ ಫ್ಯಾಂಟಮ್, 1994ರ ಫ್ಯಾಂಟಮ್ 2040. ಗುಹೆಯ ದಾಖಲೆ ಪುಸ್ತಕದಿಂದ ಬರುವ ಪೂರ್ವಜರ ಕಥೆಗಳಿಗೆ 14/20ರಿಂದ ಜಾಗ ಬಿಟ್ಟಿದ್ದೇನೆ. ಪಕ್ಕದ ಕಾಲಂನಲ್ಲಿ "ಜೊತೆಗೆ ಬಂದವರು" ಎಂದು ಮಾಂಡ್ರೇಕ್, ಅವನ ಜೊತೆಗಾರ ಲೋಥಾರ್, ಫ್ಲಾಶ್ ಗಾರ್ಡನ್ ಇವರ ಮೂಲ ಸಂಖ್ಯೆಗಳು. ಸಾಫ್ಟ್‌ವೇರಿನವರು ಆಗುವುದಿಲ್ಲ ಅಂದ ಕೆಲಸ ಈ ಒಂದು ಕಾಲಂನಲ್ಲಿ ಮುಗಿಯಿತು. ಆ ಕಾಲಂ ಒಳಗೆ ನಾನು ಬಳಸುವ ಎರಡಕ್ಷರದ ಸಂಕೇತವೊಂದಿದೆ, ಹುಡುಕಾಟದ ವೇಗವೆಲ್ಲ ಅದರಲ್ಲೇ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ದೊಡ್ಡ ಜಗಳ ಆದದ್ದು ಛೋಟಾ ಭೀಮ್ ಮೇಲೆ. ಹಿರಿಯ ಸಂಗ್ರಾಹಕರೊಬ್ಬರು "ಭೀಮ ಅಂದಮೇಲೆ ಮಹಾಭಾರತದ ಕೆಳಗೇ ಹಾಕಬೇಕು" ಎಂದು ಪಟ್ಟು ಹಿಡಿದರು. "ಸಾರ್, ಢೋಲಕ್‌ಪುರದ ಹುಡುಗನಿಗೆ ದ್ರೌಪದಿ ಯಾರು ಅಂತ ಗೊತ್ತುಂಟಾ?" ಎಂದು ಕೇಳಿದೆ. ಲಾಡು ತಿಂದು ಬಲ ಬರುವ 2008ರ ಈ ಹುಡುಗ ಕುಂತಿಯ ಮಗನಿಂದ ಹೆಸರನ್ನೂ ಶಕ್ತಿಯನ್ನೂ ಪಡೆದಿದ್ದಾನೆ, ಬದುಕನ್ನು ಪಡೆದಿಲ್ಲ. ಅವನಿಗೆ ಬೇರೆ ಮೂಲವನ್ನೇ ಕೊಟ್ಟೆ, "ನೋಡಿ" ಎಂದು ಒಂದು ಅಡ್ಡ ಸೂಚನೆ ಇಟ್ಟೆ. ನನ್ನ ಅಕ್ಕನ ಮೊಮ್ಮಕ್ಕಳ ಮುಂದೆ ರಾಶಿ ಸುರಿದು "ಬೇರೆ ಮಾಡಿ" ಅಂದಾಗ ಅವರೂ ಗದೆ ಹಿಡಿದ ಭೀಮನನ್ನು ಒಂದು ಕಡೆ, ಲಾಡು ಭೀಮನನ್ನು ಇನ್ನೊಂದು ಕಡೆ ಇಟ್ಟರು. ಹಿರಿಯರು ಒಪ್ಪಿದ್ದು ಅದನ್ನು ನೋಡಿದ ಮೇಲೆ.

2019ರ ಮೈಟಿ ಲಿಟಲ್ ಭೀಮ್ ಮಾತ್ರ ಸ್ವಲ್ಪ ಕಾಡಿಸಿತು. ಅಂಬೆಗಾಲಿಡುವ ಮಗುವಿಗೆ ಮುಂದಿನ ಕಥೆಯ ನೆನಪು ಎಲ್ಲಿಂದ ಬರಬೇಕು? ಅಂಥವಕ್ಕೆ "ಬಾಲ್ಯ" ಎಂಬ ಗುರುತು ಹಾಕಿ ಅದೇ ಅವತಾರದಲ್ಲಿ ಉಳಿಸಿಕೊಂಡೆ. ಮೋಟು-ಪತ್ಲು ಸುಲಭ ಅಂದುಕೊಳ್ಳಬೇಡಿ. ಲೋಟ್‌ಪೋಟ್ ಪತ್ರಿಕೆಯಲ್ಲಿ ದಶಕಗಳ ಕಾಲ ಇದ್ದು 2012ರಲ್ಲಿ ಟಿವಿಗೆ ಬಂದವರು. ಘಸೀಟಾರಾಮ್, ಡಾಕ್ಟರ್ ಝಟ್ಕಾ ಕೂಡ ಜೊತೆಗೇ ಬಂದರು, ಹಳೇ ಕಥೆಗಳ ನೆನಪು ಬರಲಿಲ್ಲ. ಪ್ರಾಣ್ ಅವರ ಚಾಚಾ ಚೌಧರಿ ಹುಟ್ಟಿದ್ದೂ ಅದೇ ಲೋಟ್‌ಪೋಟ್‌ನಲ್ಲಿ, ಡೈಮಂಡ್‌ಗೆ ಹೋದದ್ದು ಆಮೇಲೆ. ಪ್ರಕಾಶಕರ ಪ್ರಕಾರ ಜೋಡಿಸಿ ಅನ್ನುವವರಿಗೆ ನಾನು ಮೊದಲು ತೋರಿಸುವುದೇ ಈ ಕಾರ್ಡು.

ನಡುವೆ ಮೊಬೈಲಿನ ಫೋಟೊ ಆಪ್‌ಗೆ ಮುಖ ನೋಡಿ ಗುಂಪು ಮಾಡುವ ಕೆಲಸ ಕೊಟ್ಟೆ. ಟಿಂಕಲ್‌ನ ಶಿಕಾರಿ ಶಂಭುವಿನ ಕಣ್ಣು ಟೋಪಿಯ ಕೆಳಗೇ ಇರುತ್ತದಲ್ಲ, ಅವನನ್ನು ಅದು ಮುಖ ಎಂದೇ ಎಣಿಸಲಿಲ್ಲ. ಮುಸುಕು ಹಾಕಿದವರೆಲ್ಲ ಅದರ ಪಾಲಿಗೆ ಫ್ಯಾಂಟಮ್. ಅದೇ ಟಿಂಕಲ್‌ನ ಸುಪ್ಪಂಡಿಯನ್ನು ಮಾತ್ರ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹಿಡಿಯಿತು, ಆ ತಲೆಯ ಆಕಾರ ಬೇರೆ ಯಾರಿಗೂ ಇಲ್ಲ. ಬಿಡುವಾದಾಗ ಅದನ್ನು ಮುಂದುವರಿಸುವ ಮನಸ್ಸಿದೆ.

ಹಾಕಿದ ದುಡ್ಡು ಬಂತು. ಕಾರ್ಡು ಮುಗಿದಮೇಲೆ ಒಂದೇ ಕಥೆಯ ಎರಡನೇ, ಮೂರನೇ ಪ್ರತಿಗಳು ತಾವಾಗಿಯೇ ಮೇಲೆದ್ದವು. ಸುಮಾರು ನಾನೂರು ಪ್ರತಿ ಮಾರಿದೆ. ಅಮರ ಚಿತ್ರ ಕಥಾದ ಮರುಮುದ್ರಣಗಳಿಗೆ ಐವತ್ತು-ಅರವತ್ತು ರೂಪಾಯಿ, ಹಳೇ ಇಂದ್ರಜಾಲಕ್ಕೆ ಸ್ಥಿತಿ ನೋಡಿ ಇನ್ನೂರರಿಂದ ಮೇಲೆ. ಖರ್ಚು ಕಳೆದು ಹತ್ತು ಸಾವಿರ ಉಳಿಯಿತು. ಮುಖಪುಟ ಹರಿದುಹೋದ ಇಂದ್ರಜಾಲ ಯಾವ ಸಂಚಿಕೆಯದು ಎಂದು ಒಳಪುಟದಿಂದಲೇ ಪತ್ತೆ ಹಚ್ಚುವ ಉಪಾಯ ನನ್ನಲ್ಲಿದೆ, ಗುಜರಿ ಅಂಗಡಿಯಲ್ಲಿ ತೂಕದ ಬೆಲೆಗೆ ಸಿಗುವುದು ಅಂಥವೇ. ಆ ಉಪಾಯ ಬರೆದುಬಿಟ್ಟರೆ ನಾಳೆಯಿಂದ ನನಗೇ ಸಿಗಲಿಕ್ಕಿಲ್ಲ.

ಡಿಂಗನ ಕಾರ್ಡು ಇನ್ನೂ ಅರ್ಧದಲ್ಲಿದೆ. ಯಾವ ಮಲಯಾಳಂ ಕಂತು ಕನ್ನಡದಲ್ಲಿ ಯಾವಾಗ ಬಂತು ಎಂದು ಸಾಲಾಗಿ ತಾಳೆ ಹಾಕಬೇಕು, ಅದಕ್ಕೆ ಹಳೇ ಬಾಲಮಂಗಳ ಸಾಲುವುದಿಲ್ಲ. ನಿಮ್ಮ ಅಟ್ಟದಲ್ಲಿ ಕಟ್ಟು ಇದ್ದರೆ ಡಿಂಗನ ಕಥೆಯ ಮೊದಲ ಪುಟ, ಸಂಚಿಕೆಯ ತಾರೀಖು ಇರುವ ಪುಟ, ಎರಡರ ಫೋಟೊ ತೆಗೆದಿಡಿ. ಬದಲಿಗೆ ನಿಮ್ಮ ಫ್ಯಾಂಟಮ್ ಸಾಲನ್ನು ಪೂರ್ತಿ ವಿಂಗಡಿಸಿ ಕೊಡುತ್ತೇನೆ.