ಹ್ಯೂಮರಸ್ ಕೈಗೆ ಕೊಟ್ಟು ಕೇಳಿದಾಗ

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಅದಾದ ಮೇಲೆ ಅನಾಟಮಿ ಪಾಠದ ಜೊತೆ ಇಂಟರ್ನಲ್ಸ್‌ನಲ್ಲಿ ಹಿಂದೆ ಬಿದ್ದ ಮೊದಲ ವರ್ಷದ ಹುಡುಗರನ್ನು ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂತು. ಶುರುವಿನಲ್ಲೇ ಎಡವಿದೆ. 'ಸ್ಲೋ ಲರ್ನರ್ಸ್' ಅಂತ ಹನ್ನೊಂದು ಹೆಸರು ನೋಟಿಸ್ ಬೋರ್ಡಿಗೆ ಹಾಕಿಸಿದೆ. ಸಂಜೆ ನಾಲ್ಕಕ್ಕೆ ಅದೇ ಸ್ಲೈಡ್, ಅದೇ ಪಾಠ. ಮೂರನೇ ವಾರಕ್ಕೆ ಉಳಿದವರು ಇಬ್ಬರು. ಅವರೂ ಹಾಜರಿ ಕಡಿಮೆಯಾದೀತು ಎಂಬ ಭಯಕ್ಕೆ ಬಂದವರು.

ಆ ಇಬ್ಬರಲ್ಲಿ ಒಬ್ಬ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬಾಯಿ ಬಿಡುತ್ತಲೇ ಇರಲಿಲ್ಲ. ಒಂದು ದಿನ ಸ್ಲೈಡ್ ಆಫ್ ಮಾಡಿ, ಬೋನ್ ಸೆಟ್‌ನಿಂದ ಹ್ಯೂಮರಸ್, ಅಂದರೆ ಮೇಲ್ತೋಳಿನ ಮೂಳೆ, ತೆಗೆದು ಅವನ ಕೈಗಿಟ್ಟೆ. "ಇದು ನಡುವೆ ಮುರಿದರೆ ಏನಾಗುತ್ತಪ್ಪಾ? ಕನ್ನಡದಲ್ಲೇ ಹೇಳು" ಎಂದೆ. ಮೂಳೆ ತಿರುಗಿಸಿದ. ಹಿಂಬದಿಯ ಓರೆ ಕಾಲುವೆಯ ಮೇಲೆ ಹೆಬ್ಬೆರಳು ಎಳೆದ. "ನರ ಇಲ್ಲೇ ಅಂಟಿಕೊಂಡು ಹೋಗುತ್ತೆ ಸರ್. ಅದಕ್ಕೆ ಪೆಟ್ಟು ಬಿದ್ದರೆ ಮಣಿಕಟ್ಟು ಎತ್ತೋಕೆ ಆಗಲ್ಲ, ಕೈ ಜೋತು ಬೀಳುತ್ತೆ. ನಮ್ಮ ಮಾವ ಅಡಿಕೆ ಮರದಿಂದ ಬಿದ್ದಾಗ ಹಂಗೇ ಆಗಿತ್ತು." ರೇಡಿಯಲ್ ನರ್ವ್, ರಿಸ್ಟ್ ಡ್ರಾಪ್. ಎಲ್ಲಾ ಗೊತ್ತಿತ್ತು ಅವನಿಗೆ! ನಾನೇ ಬೇರೆ ಭಾಷೆಯಲ್ಲಿ ಕೇಳುತ್ತಿದ್ದೆ.

ಮಾರನೇ ದಿನವೇ ಪಟ್ಟಿ ಕಿತ್ತು ಹಾಕಿದೆ. ಯಾರು ಬೇಕಾದರೂ ಬನ್ನಿ ಎಂದೆ. ಈಗ ಮೊದಲು ಮೂಳೆ ಹಿಡಿದು ಕನ್ನಡದಲ್ಲಿ ಹೇಳಬೇಕು, ಆಮೇಲೆ ಅದನ್ನೇ ಇಂಗ್ಲಿಷಿನ ಮೂರು ಸಣ್ಣ ವಾಕ್ಯದಲ್ಲಿ. ತೋಳಿಗೆ ಹೋಗುವ ನರಗಳ ಜಾಲ, ಬ್ರೇಕಿಯಲ್ ಪ್ಲೆಕ್ಸಸ್ ಮಾತ್ರ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ: ಬೆನ್ನುಹುರಿಯ ಸಿ5ರಿಂದ ಟಿ1ರವರೆಗೆ ಐದು ನರದ ಬೇರು, ಅವು ಸೇರಿ ಮೂರು ಟ್ರಂಕ್ (ಕಾಂಡ). ಅಳಿಸಿ ಮತ್ತೆ ಬರೆಯಬೇಕು, ನೋಡದೆ ಬರುವವರೆಗೆ. ಇದನ್ನು ಎರಡನೇ ವರ್ಷದ ಸೀನಿಯರ್‌ಗಳು ನನಗಿಂತ ಚೆನ್ನಾಗಿ ಮಾಡಿಸುತ್ತಾರೆ. ಹೋದ ವರ್ಷ ತಾವು ಎಲ್ಲಿ ತಪ್ಪಿದ್ದೆವು ಅನ್ನೋದು ಅವರಿಗೆ ಇನ್ನೂ ನೆನಪಿರುತ್ತದೆ, ಅಲ್ವಾ?

ಎಲ್ಲರಿಗೂ ಇದು ನಾಟುವುದಿಲ್ಲ. ಒಬ್ಬ ಹುಡುಗಿಗೆ ಭಾಷೆಯ ತೊಂದರೆಯೇ ಇರಲಿಲ್ಲ, ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಅವಳನ್ನು ಸೈಕಿಯಾಟ್ರಿ ವಿಭಾಗದ ಸಹೋದ್ಯೋಗಿಯ ಹತ್ತಿರ ಕಳಿಸಿದೆ. ಅದು ಮೂಳೆ ಕೊಟ್ಟು ಸರಿಮಾಡುವ ವಿಷಯ ಅಲ್ಲ.

"ಹೊರಗಿನ ಎಕ್ಸಾಮಿನರ್ ಕನ್ನಡ ಕೇಳ್ತಾರೇನ್ರೀ?" ಎಂದು ವಿಭಾಗದಲ್ಲಿ ಹಿರಿಯರೊಬ್ಬರು ಕೇಳಿದರು. ಮಾತು ಸರಿ. ಹಾಗಾಗಿ ಪರೀಕ್ಷೆಗೆ ಮುಂಚಿನ ಮೂರು ವಾರ ಇಂಗ್ಲಿಷ್ ಮಾತ್ರ. ಆಗ ಎಕ್ಸಾಮಿನರ್ ಕುರ್ಚಿಯಲ್ಲಿ ಅದೇ ಹಿರಿಯರನ್ನು ಕೂರಿಸುತ್ತೇನೆ. ಅವರು ನಗೋದೇ ಇಲ್ಲ, ಅದಕ್ಕೇ ಕರೆಯೋದು.