ಗೌಜಲಹಕ್ಕಿಯ ಫೀಡಿಗೆ ನಾನು ಬೆರೆಸುವ ಸೊಪ್ಪು, ಹೂವು, ಬೆಳ್ಳುಳ್ಳಿ

ಗೌಜಲಹಕ್ಕಿ ಸಾಕುವವರು ಮೊದಲು ಕೇಳುವುದು, ‘ಮೊಟ್ಟೆ ಜಾಸ್ತಿ ಬರಲು ಏನು ಹಾಕ್ತೀರಿ?’ ಅಂತ. ಬೆಳ್ಳುಳ್ಳಿ, ಓಮ, ನುಗ್ಗೆಸೊಪ್ಪು, ಚೆಂಡುಹೂವು ಎಲ್ಲ ಹಾಕುತ್ತೇನೆ. ಆದರೆ ಅದಕ್ಕೂ ಮುಂಚೆ ಬುನಾದಿ ನೋಡಿಕೊಳ್ಳುತ್ತೇನೆ. ಮರಿಗಳಿಗೆ ಶೇ. 24ರಿಂದ 26 ಪ್ರೋಟೀನ್ ಇರುವ ಫೀಡ್. ಮೊಟ್ಟೆ ಇಡುವ ಹಕ್ಕಿಗೆ ಶೇ. 20ರ ಆಸುಪಾಸು ಪ್ರೋಟೀನ್, ಶೇ. 2.5ರಿಂದ 3 ಕ್ಯಾಲ್ಸಿಯಂ, ದಿನಕ್ಕೆ 14ರಿಂದ 16 ಗಂಟೆ ಬೆಳಕು. ಇಷ್ಟು ಸಿಗದ ಹಕ್ಕಿಗೆ ಯಾವ ಸೊಪ್ಪು ಹಾಕಿದರೂ ಸುಮ್ನೆ ದಂಡ.

200 ಗ್ರಾಂ ತೂಗುವ ಹೆಣ್ಣುಹಕ್ಕಿ ಹೆಚ್ಚುಕಮ್ಮಿ ದಿನಾ 10 ಗ್ರಾಂ ಮೊಟ್ಟೆ ಇಡುತ್ತದೆ. ಅದು ತಿನ್ನುವುದೋ ಸುಮಾರು 25 ಗ್ರಾಂ. ಅಷ್ಟರಲ್ಲೇ ಮೈಯೂ ಆಗಬೇಕು, ಮೊಟ್ಟೆಯೂ ಆಗಬೇಕು. ತಿಂದದ್ದು ಮೈಗೆ ಹತ್ತಬೇಕಾದರೆ ಕರುಳು ಚೆನ್ನಾಗಿರಬೇಕು, ಅಲ್ವಾ? ಗಿಡಮೂಲಿಕೆ ಕೈ ಹಿಡಿಯುವುದು ಅಲ್ಲೇ.

ನಾನು ಹೆಚ್ಚು ನಂಬಿರುವುದು ಬೆಳ್ಳುಳ್ಳಿ ಮತ್ತು ಓಮವನ್ನು. ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟುವ ಅಲಿಸಿನ್, ಓಮದಲ್ಲಿರುವ ಥೈಮಾಲ್, ಎರಡೂ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. 10 ಕೆಜಿ ಫೀಡಿಗೆ 50 ಗ್ರಾಂ ಬೆಳ್ಳುಳ್ಳಿ ಪುಡಿ, 20 ಗ್ರಾಂ ಓಮದ ಪುಡಿ ಹಾಕುತ್ತೇನೆ. ಓಮದ ಘಾಟು ಜಾಸ್ತಿಯಾದರೆ ಹಕ್ಕಿ ಮೇವು ಕೆದಕಿ ಕೆದಕಿ ಚೆಲ್ಲುತ್ತದೆ.

ಬೆರೆಸುವುದರಲ್ಲೇ ಅರ್ಧ ಕೆಲಸ ಇದೆ. ಪುಡಿಯನ್ನು ನೇರವಾಗಿ ಚೀಲಕ್ಕೆ ಸುರಿಯುವುದಿಲ್ಲ. ಮೊದಲು ಒಂದು ಬೊಗಸೆ ಫೀಡಿನಲ್ಲಿ ಬಣ್ಣ ಒಂದೇ ಆಗುವವರೆಗೆ ಕಲಸುತ್ತೇನೆ. ಅದನ್ನು ಒಂದು ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ. ಒಂದೆರಡು ಚಮಚ ಎಣ್ಣೆ ಸವರಿದರೆ ಪುಡಿ ಕಾಳಿಗೆ ಅಂಟಿಕೊಳ್ಳುತ್ತದೆ. ಇಲ್ಲದಿದ್ದರೆ ಹಕ್ಕಿ ಮೇಲಿನ ಕಾಳು ಆರಿಸಿ ತಿಂದು, ಪುಡಿಯೆಲ್ಲ ತಟ್ಟೆಯ ತಳದಲ್ಲೇ ಉಳಿಯುತ್ತದೆ.

ಮೊಟ್ಟೆಯ ಹಳದಿ ಗಾಢವಾಗಲಿ ಅಂತ ಹಲವರು ಅರಿಶಿನ ಹಾಕುತ್ತಾರೆ. ಅರಿಶಿನದ ಬಣ್ಣ ಹಳದಿ ಭಾಗಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಬಣ್ಣ ಬೇಕಿದ್ದರೆ ಚೆಂಡುಹೂವಿನ ಎಸಳು, ಅದರಲ್ಲಿ ಲ್ಯೂಟಿನ್ ಇದೆ. ಕೇಸರಿ ಛಾಯೆ ಬೇಕಿದ್ದರೆ ಒಣಮೆಣಸಿನಕಾಯಿ ಪುಡಿ. ಹೆದರಬೇಡಿ, ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ಬಣ್ಣ ಮರುದಿನವೇ ಕಾಣಲಿಲ್ಲ ಅಂತ ಪ್ರಮಾಣ ಏರಿಸಬಾರದು. ಹಳದಿ ಭಾಗ ಬೆಳೆಯಲು ಒಂದು ವಾರದಷ್ಟು ಹಿಡಿಯುತ್ತದೆ. ನುಗ್ಗೆಸೊಪ್ಪಿನ ಪುಡಿಯಿಂದಲೂ ಸ್ವಲ್ಪ ಬಣ್ಣ ಸಿಗುತ್ತದೆ, ಪ್ರೋಟೀನೂ ಸಿಗುತ್ತದೆ. ಆದರೆ ಫೀಡಿನ ಶೇ. 5ರ ಮೇಲೆ ನಾನು ಹೋಗುವುದಿಲ್ಲ, ನಾರು ಜಾಸ್ತಿಯಾಗುತ್ತದೆ.

ಹೊಸದು ಏನೇ ಇದ್ದರೂ ಒಂದೊಂದನ್ನೇ ಪರೀಕ್ಷಿಸುತ್ತೇನೆ. ಒಂದೇ ವಯಸ್ಸಿನ ಹಕ್ಕಿಗಳ ಎರಡು ಪಂಜರ, ಒಂದಕ್ಕೆ ಪುಡಿ, ಇನ್ನೊಂದಕ್ಕೆ ಬರೀ ಫೀಡ್. ಮೊಟ್ಟೆಯ ಲೆಕ್ಕದ ಜೊತೆ ಹಿಕ್ಕೆಯನ್ನೂ ನೋಡುತ್ತೇನೆ. ಗಟ್ಟಿಯಾಗಿ ತುದಿಯಲ್ಲಿ ಬಿಳಿ ಇದ್ದರೆ ಒಳ್ಳೆಯದು. ಚಿಪ್ಪನ್ನೂ ನೋಡಬೇಕು. ಪ್ರತಿ ಹೆಣ್ಣುಹಕ್ಕಿಯ ಮೊಟ್ಟೆಗೂ ಅದರದ್ದೇ ಚುಕ್ಕೆಗಳ ವಿನ್ಯಾಸ ಇರುತ್ತದೆ. ದಿನಾ ನೋಡುವವರಿಗೆ ಯಾವ ಮೊಟ್ಟೆ ಯಾರದ್ದು ಅಂತ ಗುರುತು ಸಿಗುತ್ತದೆ. ಚುಕ್ಕೆ ಮಾಸಿ ಸುಣ್ಣ ಬಳಿದಂತೆ ಬಂದರೆ ಆ ಹಕ್ಕಿಗೆ ಏನೋ ತೊಂದರೆ ಇದೆ.

ಸೊಪ್ಪು, ಹೂವನ್ನು ನೆರಳಲ್ಲಿ ಒಣಗಿಸುತ್ತೇನೆ, ಬಿಸಿಲಿಗೆ ಬಣ್ಣ ಹೋಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಗರಗರ ಪುಡಿಯಾಗಬೇಕು. ಸ್ವಲ್ಪ ಬಾಗಿದರೂ ಇನ್ನೂ ತೇವ ಇದೆ ಅಂತ ಅರ್ಥ. ತೇವಕ್ಕೆ ಬೂಷ್ಟು ಬರುತ್ತದೆ, ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಹಕ್ಕಿಯ ಯಕೃತ್ತನ್ನೇ ಹಾಳುಮಾಡುತ್ತದೆ. ಮುಗ್ಗಲು ವಾಸನೆ ಬಂದದ್ದನ್ನು ಎಸೆದುಬಿಡುತ್ತೇನೆ.

ಹಕ್ಕಿ ಮುದುಡಿ ಕೂತು ಬಿಳಿ ನೀರಿನಂತೆ ಹಿಕ್ಕೆ ಹಾಕಿದರೆ ಬೆಳ್ಳುಳ್ಳಿ ನೆಚ್ಚಿಕೊಂಡು ಕೂರಬೇಡಿ. ಅದು ಕರುಳುಹುಣ್ಣಿನ ರೋಗ ಇರಬಹುದು, ಗೌಜಲಹಕ್ಕಿಗಳಲ್ಲಿ ಅದು ಬೇಗ ಹರಡುತ್ತದೆ. ಆ ಹಕ್ಕಿಯನ್ನು ಬೇರೆ ಮಾಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ.