ಮಲೆನಾಡಿಗೆ ಹಳೆ ಜೀಪು, ಜಿಪ್ಸಿ ಕೊಳ್ಳುವ ಮುನ್ನ, ಕೊಂಡ ಮೇಲೆ

ಹಳೆ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಮಲೆನಾಡಿನಲ್ಲಿ ಮೊದಲು ನೋಡಬೇಕಾದ್ದು ಗಾಡಿಯ ಅಡಿ. ಎಂಜಿನ್ ಬಿಚ್ಚಿ ಕಟ್ಟುವವರು ಶಿವಮೊಗ್ಗದಲ್ಲೂ ಸಿಗುತ್ತಾರೆ, ಸಾಗರದಲ್ಲೂ ಸಿಗುತ್ತಾರೆ. ಕೊಳೆತ ಚಾಸಿಗೆ (ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟು) ಹಾಕಿದ ವೆಲ್ಡಿಂಗ್ ಮಾತ್ರ ಹೆಚ್ಚು ಮಳೆಗಾಲ ನೋಡುವುದಿಲ್ಲ.

ಹೋಗುವಾಗ ಗೋಣಿಚೀಲ, ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಜೊತೆಗಿರಲಿ. ಗೋಣಿ ಹಾಸಿ ಅಡಿಗೆ ಜಾರಿ. ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಕೂರುವ ಬ್ರಾಕೆಟ್, ಬಾಡಿ ಬೋಲ್ಟುಗಳ ಸುತ್ತ, ಚಾಸಿಯ ಹಿಂದಿನ ಅಡ್ಡಪಟ್ಟಿ, ಇವನ್ನೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಚಾಸಿಯ ಪೊಳ್ಳಿನೊಳಗೆ ಹೊಕ್ಕ ಕೆಸರು ತಿಂಗಳುಗಟ್ಟಲೆ ಒಣಗುವುದಿಲ್ಲ. ತುಕ್ಕು ಒಳಗಿನಿಂದಲೇ ಹೊರಗೆ ಬರುತ್ತದೆ. ಹಾಗಾಗಿ ಮಾರಾಟಕ್ಕೆಂದೇ ಕಪ್ಪು ಬಳಿದ ಚಾಸಿ ಕಂಡರೆ ಇನ್ನಷ್ಟು ತಟ್ಟಿ ನೋಡಿ. ಜಿಪ್ಸಿಯಲ್ಲಿ ಕಾಲಡಿಯ ಮ್ಯಾಟ್ ಎತ್ತಿ ನೋಡಿ, ಹಿಂದಿನ ಚಕ್ರದ ಮೇಲಿನ ತಗಡಿಗೆ ಅಯಸ್ಕಾಂತ ಹಿಡಿಯಿರಿ. ಕಚ್ಚದ ಕಡೆ ಒಳಗಿರುವುದು ತೂತು ಮುಚ್ಚಲು ಮೆತ್ತಿದ ಪುಟ್ಟಿ.

ಚಾಸಿ ನಂಬರನ್ನು ತಿಕ್ಕಿ ಒರೆಸಿ ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿ. ಎಂಜಿನ್ ನಂಬರೂ ಅಷ್ಟೇ: ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಹಳೆ ಜೀಪುಗಳಿವೆ. ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿಲ್ಲ ಎಂದರೆ ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆಯಿರಲಿ. 15 ವರ್ಷ ಮುಗಿದ ಖಾಸಗಿ ಗಾಡಿಯ ನೋಂದಣಿಯನ್ನು ಫಾರಂ 25 ಕೊಟ್ಟು, ತಪಾಸಣೆ ಮಾಡಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಕೆಲಸ ಮಾರುವವರೇ ಮುಗಿಸಿಕೊಡಲಿ. ವರ್ಗಾವಣೆಗೆ ಫಾರಂ 29, 30. ಹಳೆ ಸಾಲದ ನಮೂದಿದ್ದರೆ ಬ್ಯಾಂಕಿನಿಂದ ಫಾರಂ 35.

ಯಾವ ಗಾಡಿ? ಗೊಬ್ಬರ, ಅಡಿಕೆ ಹೇರುವುದಿದ್ದರೆ ಮಹೀಂದ್ರ ಎಂಎಂ540ರಂಥ ಡೀಸೆಲ್ ಜೀಪು. ಒಂದು ಟನ್ ಆಸುಪಾಸು ತೂಗುವ ಜಿಪ್ಸಿ ಕೆಸರಲ್ಲಿ ಹೂಳುವುದು ಕಡಿಮೆ, ಆದರೆ ಪೆಟ್ರೋಲ್ ಕುಡಿಯುತ್ತದೆ. ದಿನವೂ ಟಾರು ರಸ್ತೆಯಲ್ಲಿ ಓಡಾಟವಿದ್ದರೆ 2010ರ ನಂತರದ, ಡೀಸೆಲ್ ಎಂಜಿನ್ನಿನ ಮಹೀಂದ್ರ ಥಾರ್ ಸಿಆರ್‌ಡಿಇ ಹೆಚ್ಚು ನೆಮ್ಮದಿ. ಜೀಪಿನ ಆಕಾರವಿದ್ದ ಮಾತ್ರಕ್ಕೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ಅಲ್ಲ. ಮುಂದಿನ ಚಕ್ರಗಳ ನಡುವೆ ಕ್ರೌನ್ ಹೌಸಿಂಗ್ (ಡಿಫರೆನ್ಷಿಯಲ್ ಗೇರುಗಳಿರುವ ಉಬ್ಬಿದ ಗೂಡು) ಇದೆಯೇ ಬಗ್ಗಿ ನೋಡಿ.

ಫೋರ್ ವೀಲ್ ಕೆಲಸ ಮಾಡುತ್ತದೆಯೇ ಎಂದು ಟಾರಿನ ಮೇಲೆ ಓಡಿಸಿ ಪರೀಕ್ಷಿಸಬೇಡಿ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು, ಟಾರು ಜಾರಲು ಬಿಡುವುದಿಲ್ಲ, ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಬದಲಿಗೆ ಹೀಗೆ ಮಾಡಿ. ಸಮತಟ್ಟು ನೆಲದಲ್ಲಿ ಎಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ, ಮುಂದಿನ ಎರಡೂ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ನಡುಭಾಗ) ಲಾಕ್ ಮಾಡಿ. ಲಿವರ್ ಟೂ ಹೈನಲ್ಲಿದ್ದಾಗ (ಹಿಂದಿನ ಚಕ್ರಗಳಿಗೆ ಮಾತ್ರ ಬಲ) ಎತ್ತಿದ ಚಕ್ರ ತಿರುಗಿಸಿದರೆ ಆಕ್ಸಲ್ಲಿಗೆ ಬಲ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗಬೇಕು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಹೈಗೆ ಹಾಕಿದರೆ ಚಕ್ರ ಬಿಗಿಯಬೇಕು. ಆಗಲೂ ಶಾಫ್ಟ್ ಸಮೇತ ತಿರುಗಿದರೆ ತೊಂದರೆ ಬಲವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನದು. ಶಾಫ್ಟ್ ನಿಂತೇ ಚಕ್ರ ಮಾತ್ರ ತಿರುಗಿದರೆ ಹಬ್ ಅಥವಾ ಆಕ್ಸಲ್.

ಚಕ್ರ ಎತ್ತಿರುವಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್. ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಲು ಕಿಂಗ್ ಪಿನ್ ಸವೆತ ದೊಡ್ಡ ಕಾರಣ.

ಎಂಜಿನ್ನನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಬಾನೆಟ್ ಮುಟ್ಟಿದಾಗ ಬಿಸಿಯಿದ್ದರೆ ಮತ್ತೊಂದು ದಿನ ಬನ್ನಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಅಡಿ ಹಾಲು ಬೆರೆಸಿದ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರಲಿ.

ಮನೆಗೆ ತಂದ ಮೇಲೆ ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಐದೂ ಕಡೆ ಆಯಿಲ್ ಬದಲಿಸಿ. ಮೊದಲು ತುಂಬುವ ನಟ್ಟು ಸಡಿಲಿಸಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಬರಿದಾದ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್, ಗೇರ್ ಬಾಕ್ಸಿಗೆ ಕೈಪಿಡಿ ಹೇಳಿದ್ದು ಮಾತ್ರ, ಏಕೆಂದರೆ ಕೆಲವು ಜಿಎಲ್-5 ಆಯಿಲ್ ಗೇರ್ ನಯವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನುತ್ತದೆ.

ಹೊಳೆ, ಹಳ್ಳ ದಾಟುವವರು ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿಯಾಡುವ ಸಣ್ಣ ಕಿಂಡಿ) ಮರೆಯುತ್ತಾರೆ. ಕಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ; ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸವೆದ ಸೀಲಿನಿಂದ ನೀರೆಳೆದುಕೊಳ್ಳುತ್ತದೆ. ಆಯಿಲ್ ಬಿಳಿಚುತ್ತದೆ, ಕ್ರೌನ್ ಪಿನಿಯನ್ ಬೇರಿಂಗ್ ಹೋಗುತ್ತದೆ. ಬ್ರೀದರಿಗೆ ಡೀಸೆಲ್ ಪೈಪಿನಂಥ ರಬ್ಬರ್ ಪೈಪು ಕೂರಿಸಿ, ಸ್ಪ್ರಿಂಗ್ ಆಡುವಷ್ಟು ಸಡಿಲ ಬಿಟ್ಟು, ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ. ಆಳದ ನೀರು ದಾಟಿದ ದಿನವೇ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ಕೀಲು), ಶ್ಯಾಕಲ್‌ಗಳಿಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ಹೊರಬರುವ ತನಕ ಒತ್ತಿ.

ಮೇ ತಿಂಗಳಲ್ಲೇ ಅಡಿ ತೊಳೆದು, ಚಾಸಿಯ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆ ತುಕ್ಕು ಉಜ್ಜಿ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ ಬಳಿಯಿರಿ. ಸುಟ್ಟ ಆಯಿಲ್ ಸಿಂಪಡಿಸುವ ಪದ್ಧತಿ ಬೇಡ: ರಬ್ಬರ್ ಬುಷ್ ಉಬ್ಬುತ್ತದೆ, ಮೊದಲ ಮಳೆಗೇ ತೊಳೆದುಹೋಗಿ ತೋಟದ ಬಾವಿ ಸೇರುತ್ತದೆ.